ಹರ್ಪಿಸ್ ಎಂದು ವರದಿ ಬಂದ ಮೇಲೆ

ಪರೀಕ್ಷೆಯ ವರದಿ ಈಗ ನೇರ ಮೊಬೈಲಿಗೇ ಬರುತ್ತದೆ. ಡಾಕ್ಟರು ನೋಡುವ ಮುಂಚೆಯೇ ಮನೆಯವರು ಅದನ್ನು ತೆರೆದು ಓದಿರುತ್ತಾರೆ. ಎರಡು ಸಲ ಗರ್ಭ ನಿಲ್ಲಲಿಲ್ಲವೆಂದೋ, ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲವೆಂದೋ ‘ಟಾರ್ಚ್ ಪ್ಯಾನೆಲ್’ ಬರೆಸಿಕೊಂಡು ರಕ್ತ ಕೊಟ್ಟು ಬಂದ ಹೆಣ್ಣುಮಗಳ ವರದಿಯನ್ನೇ ತೆಗೆದುಕೊಳ್ಳಿ. ಟಾಕ್ಸೋಪ್ಲಾಸ್ಮಾ, ರುಬೆಲ್ಲಾ, ಸಿಎಂವಿ ಸಾಲುಗಳ ಕೆಳಗೆ ಇನ್ನೊಂದು ಸಾಲು ದಪ್ಪಕ್ಷರದಲ್ಲಿ ಕೂತಿದೆ: ‘ಎಚ್‌ಎಸ್‌ವಿ 1 ಐಜಿಜಿ: ರಿಯಾಕ್ಟಿವ್’. ಅದನ್ನು ಗೂಗಲ್‌ಗೆ ಹಾಕಿದರೆ ಮೊದಲು ಬರುವ ಮಾತು ಹರ್ಪಿಸ್, ಅದರ ಬೆನ್ನಿಗೇ ಬರುವುದು ಲೈಂಗಿಕ ರೋಗ. ರಾತ್ರಿ ಊಟದ ಹೊತ್ತಿಗೆ ಗಂಡ ಹೆಂಡಿರ ನಡುವೆ ಮಾತು ನಿಂತಿರುತ್ತದೆ.

ಆ ಸಾಲು ಹೇಳುವುದಾದರೂ ಏನು? ಬದುಕಿನಲ್ಲಿ ಎಂದೋ ಒಮ್ಮೆ, ಹೆಚ್ಚಿನಂಶ ಚಿಕ್ಕಂದಿನಲ್ಲೇ, ಒಂದನೇ ಮಾದರಿಯ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಮೈ ಹೊಕ್ಕಿದೆ ಎಂದು ಮಾತ್ರ. ತುಟಿಯಂಚಿಗೆ ಜ್ವರದ ಗುಳ್ಳೆ ಎದ್ದಿದ್ದ ಯಾರೋ ನೆಂಟರು ಮಗುವಿಗೆ ಮುತ್ತು ಕೊಟ್ಟಿದ್ದರೂ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ 380 ಕೋಟಿ ಜನರಲ್ಲಿ, ಅಂದರೆ ಶೇ. 64ರಷ್ಟು ಮಂದಿಯಲ್ಲಿ, ಈ ವೈರಸ್ ಇದೆ. ರಕ್ತದಲ್ಲಿ ಸಿಕ್ಕ ಪ್ರತಿಕಾಯ ವೈರಸ್ ಬಾಯಿಯ ಕಡೆ ಇದೆಯೋ ಜನನಾಂಗದ ಕಡೆ ಇದೆಯೋ ಹೇಳುವುದಿಲ್ಲ. ಯಾವಾಗ ಬಂತೆಂದೂ ಹೇಳುವುದಿಲ್ಲ, ಯಾರಿಂದ ಬಂತೆಂದಂತೂ ಇಲ್ಲವೇ ಇಲ್ಲ. ಇದೊಂದೇ ಸಾಲಿನ ಮೇಲೆ ಒಬ್ಬರಿಗೆ ಜನನಾಂಗದ ಹರ್ಪಿಸ್ ಇದೆ ಎಂದು ತೀರ್ಮಾನಿಸುವುದು ತಪ್ಪು. ಆದರೂ ಈ ತಪ್ಪು ಮನೆಮನೆಯಲ್ಲಿ ನಡೆಯುತ್ತಿದೆ, ಸಂಸಾರಗಳಲ್ಲಿ ಬಿರುಕು ಮೂಡಿಸುತ್ತಿದೆ.

ಜನನಾಂಗದ ಹರ್ಪಿಸ್‌ನಲ್ಲಿ ವೈರಸ್ ಕೊಡುವ ನೋವಿಗಿಂತ ಅರೆಬರೆ ತಿಳಿವಳಿಕೆ ಕೊಡುವ ನೋವೇ ದೊಡ್ಡದು. ಯಾವ ಮಾದರಿಯ ವೈರಸ್, ಎಲ್ಲಿದೆ, ಅದನ್ನು ಹೇಗೆ ಪತ್ತೆ ಮಾಡಿದರು ಎನ್ನುವ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಂದಿನ ದಾರಿ ಬಹುಪಾಲು ಸ್ಪಷ್ಟವಾಗುತ್ತದೆ.

ಈ ವೈರಸ್‌ನಲ್ಲಿ ಎರಡು ಮಾದರಿ. ಒಂದನೆಯದು ಹೆಚ್ಚಾಗಿ ಬಾಯಿ, ತುಟಿಯದು. ಆದರೆ ಬಾಯಿಯ ಮೂಲಕ ನಡೆಯುವ ಲೈಂಗಿಕ ಕ್ರಿಯೆಯಿಂದ ಜನನಾಂಗಕ್ಕೂ ದಾಟುತ್ತದೆ. ಎರಡನೆಯದು ಬಹುತೇಕ ಲೈಂಗಿಕ ಸಂಪರ್ಕದಿಂದಲೇ ಹರಡಿ ಸೊಂಟದ ಕೆಳಗಿನ ಭಾಗದಲ್ಲಿ ನೆಲೆಸುತ್ತದೆ. ಚರ್ಮದಿಂದ ಚರ್ಮಕ್ಕೆ ದಾಟಿದ ವೈರಸ್ ನರದ ಎಳೆಯ ಗುಂಟ ಮೇಲೇರಿ ಬೆನ್ನುಹುರಿಯ ಬುಡದ ಪಕ್ಕದಲ್ಲಿರುವ ನರಗಂಟುಗಳಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿ ಅದು ಏನೂ ಮಾಡದೆ ವರ್ಷಗಟ್ಟಲೆ ಇರಬಲ್ಲದು. ಆಗೀಗ ಅದೇ ಎಳೆಯ ಗುಂಟ ಇಳಿದು ಬಂದು ಚರ್ಮದ ಮೇಲೆ ಕಾಣಿಸಿಕೊಳ್ಳುತ್ತದೆ. ಇಂದಿನ ಯಾವ ಔಷಧಿಗೂ ಆ ನರಗಂಟಿನೊಳಗಿನ ವೈರಸನ್ನು ಅಳಿಸಲು ಆಗುವುದಿಲ್ಲ. ಚರ್ಮದ ಮೇಲೆ ಅದು ಏಳದಂತೆ ತಡೆಯಲು ಮಾತ್ರ ಚೆನ್ನಾಗಿಯೇ ಆಗುತ್ತದೆ.

ಇದು ಅಪರೂಪದ ಕಾಯಿಲೆ ಎಂಬ ಭಾವನೆ ಮೊದಲು ಹೋಗಬೇಕು. 2024ರ ಡಿಸೆಂಬರಿನಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 15ರಿಂದ 49 ವರ್ಷದ ಸುಮಾರು 84.6 ಕೋಟಿ ಜನರಿಗೆ ಜನನಾಂಗದ ಹರ್ಪಿಸ್ ಸೋಂಕು ಇದೆ. ಆ ವಯಸ್ಸಿನ ಐವರಲ್ಲಿ ಒಬ್ಬರಿಗಿಂತ ಹೆಚ್ಚೇ ಆಯಿತು. ಇವರಲ್ಲಿ 2020ರಲ್ಲಿ ಒಮ್ಮೆಯಾದರೂ ಹುಣ್ಣು ಕಾಣಿಸಿಕೊಂಡದ್ದು ಸುಮಾರು 20.5 ಕೋಟಿ ಮಂದಿಗೆ. ಉಳಿದವರಿಗೆ ಆ ವರ್ಷ ಯಾವ ತೊಂದರೆಯೂ ಇರಲಿಲ್ಲ. ಮೈಸೂರಿನಲ್ಲಿ 2005-06ರ ಸುಮಾರಿಗೆ 898 ಯುವತಿಯರ ರಕ್ತ ಪರೀಕ್ಷಿಸಿದಾಗ ಶೇ. 11ರಷ್ಟು ಮಂದಿಯಲ್ಲಿ ಎರಡನೇ ಮಾದರಿಯ ಸೋಂಕಿನ ಗುರುತು ಸಿಕ್ಕಿತ್ತು. ಮಹಾನಗರದ ಮಾತಲ್ಲ, ಹೊರದೇಶದ ಮಾತಲ್ಲ, ನಮ್ಮ ಮೈಸೂರಿನದೇ ಲೆಕ್ಕ.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ಅಜ್ಜಿಗೆ ಸೊಂಟದ ಸುತ್ತ ಎದ್ದ ಸರ್ಪಸುತ್ತಿಗೂ ಡಾಕ್ಟರು ‘ಹರ್ಪಿಸ್ ಝೋಸ್ಟರ್’ ಎಂದೇ ಬರೆಯುತ್ತಾರೆ. ಅದು ನೀರುಕೋಟಲೆ, ಅಂದರೆ ಚಿಕನ್‌ಪಾಕ್ಸ್ ತರುವ ವೈರಸ್‌ನಿಂದ ಬರುವ ಬೇರೆಯೇ ಕಾಯಿಲೆ. ಲೈಂಗಿಕ ಸಂಪರ್ಕಕ್ಕೂ ಅದಕ್ಕೂ ಸಂಬಂಧವಿಲ್ಲ. ವೈರಸ್‌ನ ಮನೆತನ ಒಂದೇ, ಮಾತ್ರೆಯೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಚೀಟಿಯಲ್ಲಿ ಹರ್ಪಿಸ್ ಎಂಬ ಪದ ನೋಡಿದ ಕೂಡಲೇ ಹೌಹಾರುವ ಮುಂಚೆ ಅದರ ಮುಂದೆ ಏನು ಬರೆದಿದೆ ಎಂದು ನೋಡಬೇಕು.

ನಿಜವಾದ ಮೊದಲ ಸೋಂಕು ಹೀಗೆ ಶುರುವಾಗುತ್ತದೆ. ಸಂಪರ್ಕವಾಗಿ ಎರಡರಿಂದ ಹನ್ನೆರಡು ದಿನದೊಳಗೆ ಮೈಕೈ ನೋವು, ಸಣ್ಣ ಜ್ವರ, ತೊಡೆಸಂದಿಯಲ್ಲಿ ಮುಟ್ಟಿದರೆ ನೋಯುವ ಗಂಟು. ಆಮೇಲೆ ಜನನಾಂಗದ ಮೇಲೆ, ಗುದದ ಸುತ್ತ, ಕೆಲವೊಮ್ಮೆ ತೊಡೆ ಅಥವಾ ಕುಂಡಿಯ ಮೇಲೆ ಕೆಂಪಾದ ಜಾಗದಲ್ಲಿ ಸಾಸಿವೆ ಗಾತ್ರದ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ. ಒಂದೆರಡು ದಿನದಲ್ಲಿ ಒಡೆದು, ಮೇಲುಚರ್ಮ ಕಿತ್ತು ಹೋದಂತೆ ಸಣ್ಣ ಸಣ್ಣ ಹುಣ್ಣುಗಳಾಗುತ್ತವೆ. ಹೆಂಗಸರಿಗೆ ಮೂತ್ರ ಆ ಹುಣ್ಣಿಗೆ ತಾಗಿದಾಗ ಪ್ರಾಣ ಹೋಗುವಷ್ಟು ಉರಿ. ಮೊದಲ ಸಲದ ಹುಣ್ಣು ಪೂರ್ತಿ ಮಾಯಲು ಎರಡರಿಂದ ನಾಲ್ಕು ವಾರ ಬೇಕಾಗಬಹುದು.

ನಮ್ಮಲ್ಲಿ ಈ ಉರಿಗೆ ಮೊದಲು ಸಿಗುವ ಹೆಸರು ‘ಉಷ್ಣ’. ಎಳನೀರು, ಮಜ್ಜಿಗೆ, ಹೊಕ್ಕುಳಿಗೆ ಹರಳೆಣ್ಣೆ ಎಂದು ನಾಲ್ಕು ದಿನ ಕಳೆಯುತ್ತದೆ. ಇನ್ನು ಕೆಲವರು ಮೆಡಿಕಲ್ ಶಾಪಿಗೆ ಹೋಗಿ ‘ಅಲ್ಲಿ ತುರಿಕೆ’ ಎಂದು ಹೇಳಿ ಮೂರು ನಾಲ್ಕು ಔಷಧಿ ಬೆರೆಸಿದ ಮುಲಾಮು ತರುತ್ತಾರೆ. ಅದರಲ್ಲಿ ಹೆಚ್ಚಾಗಿ ಸ್ಟಿರಾಯ್ಡ್ ಇರುತ್ತದೆ. ಹರ್ಪಿಸ್ ಹುಣ್ಣಿಗೆ ಸ್ಟಿರಾಯ್ಡ್ ಹಚ್ಚಿದರೆ ಅದು ಇನ್ನಷ್ಟು ಹರಡುವ ಅಪಾಯವಿದೆ. ಅರಿಶಿನ, ನಂಜುನಾಶಕ ದ್ರಾವಣ ಹಚ್ಚಿ ಚರ್ಮ ಸುಟ್ಟುಕೊಂಡು ಬರುವವರೂ ಇದ್ದಾರೆ. ಹೀಗೆ ಕಳೆದುಹೋಗುವ ದಿನಗಳೇ ಅತ್ಯಂತ ಬೆಲೆಯುಳ್ಳ ದಿನಗಳು.

ಯಾಕೆಂದರೆ ಹುಣ್ಣು ಹಸಿಯಾಗಿದ್ದಾಗ ಅದರಿಂದಲೇ ತೆಗೆದ ಮಾದರಿಯಷ್ಟು ಖಚಿತವಾಗಿ ಯಾವ ರಕ್ತಪರೀಕ್ಷೆಯೂ ಹೇಳಲಾರದು. ಹತ್ತಿ ಸುತ್ತಿದ ಕಡ್ಡಿಯಲ್ಲಿ ಹುಣ್ಣಿನ ತಳವನ್ನು ಒರೆಸಿ ಪಿಸಿಆರ್ ಪರೀಕ್ಷೆಗೆ ಕಳಿಸಿದರೆ ಹರ್ಪಿಸ್ ಹೌದೋ ಅಲ್ಲವೋ, ಹೌದಾದರೆ ಒಂದನೇ ಮಾದರಿಯೋ ಎರಡನೆಯದೋ ಎಲ್ಲವೂ ತಿಳಿಯುತ್ತದೆ. ಪಿಸಿಆರ್ ಸೌಲಭ್ಯ ಇಲ್ಲದ ಕಡೆ ಚರ್ಮರೋಗ ವಿಭಾಗದವರು ಮಾಡುವ ಹಳೆಯ ವಿಧಾನ ಒಂದಿದೆ, ಝ್ಯಾಂಕ್ ಸ್ಮಿಯರ್. ಒಡೆದ ಗುಳ್ಳೆಯ ತಳವನ್ನು ಮೆಲ್ಲಗೆ ಕೆರೆದು ಗಾಜಿನ ಸ್ಲೈಡಿಗೆ ಹಚ್ಚಿ ಬಣ್ಣ ಹಾಕುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಮಾಮೂಲಿ ಕೋಶಗಳ ನಡುವೆ, ಹಲವು ಕೋಶಕೇಂದ್ರಗಳು ಒಂದಕ್ಕೊಂದು ಒತ್ತಿಕೊಂಡು ಉಬ್ಬಿದ ದೈತ್ಯ ಕೋಶಗಳು ಕಂಡರೆ ಅದು ಹರ್ಪಿಸ್ ಗುಂಪಿನ ವೈರಸ್‌ನ ಕೆಲಸ. ಮಾದರಿ ಯಾವುದೆಂದು ಇದರಲ್ಲಿ ತಿಳಿಯದು. ಆದರೆ ಖರ್ಚು ಕಡಿಮೆ, ಫಲಿತಾಂಶ ಬೇಗ.

ಮಾದರಿ ತಿಳಿಯುವುದರಿಂದ ಲಾಭವಿದೆ. ಜನನಾಂಗದಲ್ಲಿ ಒಂದನೇ ಮಾದರಿಯಾದರೆ ಮೊದಲ ವರ್ಷದಲ್ಲಿ ಸುಮಾರಾಗಿ ಒಂದು ಸಲ ಮರುಕಳಿಸಿ, ಆಮೇಲೆ ಬಹಳ ವಿರಳವಾಗುತ್ತದೆ. ಎರಡನೆಯದಾದರೆ ಮೊದಲ ವರ್ಷ ನಾಲ್ಕು ಸಲದಷ್ಟು ಬರುವುದು ಸಾಮಾನ್ಯ. ವರ್ಷ ಕಳೆದಂತೆ ಅದೂ ತಗ್ಗುತ್ತದೆ.

ರಕ್ತಪರೀಕ್ಷೆಗೂ ಜಾಗವಿದೆ, ಆದರೆ ಅದರ ಮಿತಿ ತಿಳಿದಿರಬೇಕು. ಐಜಿಎಂ ಎಂಬ ಸಾಲು ‘ಹೊಸ ಸೋಂಕು’ ಎಂದು ಹೇಳುತ್ತದೆಂಬ ನಂಬಿಕೆ ಹರ್ಪಿಸ್ ವಿಷಯದಲ್ಲಿ ನಿಲ್ಲುವುದಿಲ್ಲ. ಹಳೆಯ ಸೋಂಕು ಮರುಕಳಿಸಿದಾಗಲೂ ಅದು ಏರಬಹುದು, ಹಾಗಾಗಿ ತಜ್ಞರು ಆ ಪರೀಕ್ಷೆಯನ್ನೇ ಬೇಡ ಎನ್ನುತ್ತಾರೆ. ಐಜಿಜಿ ಪ್ರತಿಕಾಯ ಮೂಡಲು ಹನ್ನೆರಡು ವಾರದವರೆಗೂ ಹಿಡಿಯಬಹುದು. ಅದಕ್ಕೂ ಮುಂಚೆ ಬಂದ ‘ನೆಗೆಟಿವ್’ ನೆಚ್ಚುವಂಥದ್ದಲ್ಲ. ಎರಡನೇ ಮಾದರಿಯ ಐಜಿಜಿ ಅಂಕಿ ಗಡಿಯಿಂದ ಸ್ವಲ್ಪವೇ ಮೇಲಿದ್ದರೆ, ಉದಾಹರಣೆಗೆ 1.1ರಿಂದ 3ರ ನಡುವೆ ಇದ್ದರೆ, ಅದು ಸುಳ್ಳು ಪಾಸಿಟಿವ್ ಆಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಬೇರೆ ವಿಧಾನದಲ್ಲಿ ಖಚಿತಪಡಿಸಿಕೊಳ್ಳದೆ ನಂಬಬಾರದು. ಈ ಕಾರಣಕ್ಕೇ ಅಮೆರಿಕದ ರೋಗತಡೆ ತಜ್ಞರ ಸಮಿತಿ 2016ರಲ್ಲೂ ಮತ್ತೆ 2023ರಲ್ಲೂ, ಲಕ್ಷಣವಿಲ್ಲದವರಿಗೆ ಹರ್ಪಿಸ್ ರಕ್ತಪರೀಕ್ಷೆ ಬೇಡ ಎಂದು ಹೇಳಿತು. ಇದರ ಇನ್ನೊಂದು ಮುಖವೂ ಉಂಟು. ‘ಎಲ್ಲ ಲೈಂಗಿಕ ರೋಗದ ಟೆಸ್ಟೂ ಆಗಿದೆ, ಎಲ್ಲ ಕ್ಲೀನ್’ ಎನ್ನುವವರ ಪಟ್ಟಿಯಲ್ಲಿ ಹರ್ಪಿಸ್ ಬಹುತೇಕ ಇರುವುದೇ ಇಲ್ಲ.

ಚಿಕಿತ್ಸೆಯ ಕಥೆ ಸಂತೋಷ ಕೊಡುವಂಥದ್ದು. 1970ರ ದಶಕದಲ್ಲಿ ಬರೋಸ್ ವೆಲ್‌ಕಮ್ ಕಂಪನಿಯ ಪ್ರಯೋಗಾಲಯದಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಅವರ ಜೊತೆಗಾರರು ಅಸೈಕ್ಲೋವಿರ್ ಎಂಬ ಔಷಧಿಯ ಗುಟ್ಟು ಬಿಡಿಸಿದರು. ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು. ಈ ಔಷಧಿ ನುಂಗಿದ ರೂಪದಲ್ಲಿ ಏನೂ ಮಾಡುವುದಿಲ್ಲ. ಹರ್ಪಿಸ್ ವೈರಸ್ ಇರುವ ಕೋಶದೊಳಗೆ ಹೋದಾಗ ವೈರಸ್‌ನದೇ ಒಂದು ಕಿಣ್ವ ಅದನ್ನು ಕೆಲಸಕ್ಕೆ ಹಚ್ಚುತ್ತದೆ, ಆಗ ಅದು ವೈರಸ್‌ನ ಡಿಎನ್‌ಎ ಬೆಳೆಯದಂತೆ ತಡೆಯುತ್ತದೆ. ಸೋಂಕಿಲ್ಲದ ಕೋಶಕ್ಕೆ ಅದರಿಂದ ತೊಂದರೆ ತೀರ ಕಡಿಮೆ. ವರ್ಷಗಟ್ಟಲೆ ತೆಗೆದುಕೊಂಡರೂ ಬಹುಪಾಲು ಜನರಿಗೆ ಅದು ಸುರಕ್ಷಿತವಾಗಿರುವುದು ಇದರಿಂದಲೇ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಮೊದಲೇ ಹೇಳಬೇಕು, ಪ್ರಮಾಣ ತಗ್ಗಿಸಬೇಕಾಗುತ್ತದೆ.

ಮೊದಲ ಸಲದ ಸೋಂಕಿಗೆ ಸಾಮಾನ್ಯವಾಗಿ ಅಸೈಕ್ಲೋವಿರ್ 400 ಮಿಲಿಗ್ರಾಂ ದಿನಕ್ಕೆ ಮೂರು ಸಲದಂತೆ ಏಳರಿಂದ ಹತ್ತು ದಿನ. ದಿನಕ್ಕೆ ಎರಡೇ ಸಲ ನುಂಗಿದರೆ ಸಾಕಾಗುವ ವ್ಯಾಲಸೈಕ್ಲೋವಿರ್ ಕೂಡ ಇದೆ, ಬೆಲೆ ಹೆಚ್ಚು. ಯಾರಿಗೆ ಯಾವುದು, ಎಷ್ಟು ದಿನ ಎಂಬುದನ್ನು ಡಾಕ್ಟರು ನೋಡಿಯೇ ಬರೆಯಬೇಕು. ಹುಣ್ಣು ಎದ್ದ ಮೂರು ದಿನದೊಳಗೆ ಶುರುಮಾಡಿದರೆ ಫಲ ಹೆಚ್ಚು. ಅಂಗಡಿಯವರು ಬಿಡಿಯಾಗಿ ಕೊಡುವ ಅಸೈಕ್ಲೋವಿರ್ ಮುಲಾಮಿನಿಂದ ಜನನಾಂಗದ ಹರ್ಪಿಸ್‌ಗೆ ಆಗುವ ಉಪಯೋಗ ಅಷ್ಟಕ್ಕಷ್ಟೇ, ಮಾತ್ರೆಯೇ ಬೇಕು.

ದುಡ್ಡಿನ ಚಿಂತೆ ಇರುವವರಿಗೆ ಸರ್ಕಾರಿ ದಾರಿ ಇದೆ. ಜಿಲ್ಲಾಸ್ಪತ್ರೆಗಳಲ್ಲಿ, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಫಲಕದಡಿ ಲೈಂಗಿಕ ರೋಗಗಳ ಚಿಕಿತ್ಸೆ, ಆಪ್ತಸಮಾಲೋಚನೆ ಎರಡೂ ಉಚಿತ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಪ್ರತಿ ಲಕ್ಷಣಕ್ಕೆ ಬಣ್ಣದ ಔಷಧಿ ಕಿಟ್ ಗೊತ್ತುಮಾಡಿದೆ. ಹರ್ಪಿಸ್ ಹುಣ್ಣಿನದು ಐದನೇ ಕಿಟ್, ಕೆಂಪು ಬಣ್ಣದ್ದು. ಒಳಗೆ ಏಳು ದಿನಕ್ಕಾಗುವಷ್ಟು ಅಸೈಕ್ಲೋವಿರ್ ಮಾತ್ರೆ. ಚರ್ಮ ಮತ್ತು ಲೈಂಗಿಕ ರೋಗ ವಿಭಾಗ ಎಲ್ಲಿದೆ ಎಂದು ಕೇಳಿಕೊಂಡು ಹೋದರೂ ಸಾಕು. 1097ಕ್ಕೆ ಕರೆ ಮಾಡಿದರೆ ಹತ್ತಿರದ ಕೇಂದ್ರ ಎಲ್ಲಿದೆ ಎಂದು ಹೆಸರು ಕೇಳದೆ ತಿಳಿಸುತ್ತಾರೆ, ಕರೆಗೆ ದುಡ್ಡಿಲ್ಲ. ಅಲ್ಲಿ ಹೋದಾಗ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಹುಣ್ಣು ಸಿಫಿಲಿಸ್‌ನದೂ ಇರಬಹುದು ಎಂಬುದು ಒಂದು ಕಾರಣ. ಎರಡನೇ ಮಾದರಿಯ ಹರ್ಪಿಸ್ ಇರುವವರಿಗೆ ಎಚ್‌ಐವಿ ತಗಲುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚು ಎಂಬುದು ಇನ್ನೊಂದು.

ಹುಣ್ಣಿನ ದಿನಗಳನ್ನು ಕಳೆಯುವುದಕ್ಕೆ ಕೆಲವು ಉಪಾಯಗಳಿವೆ. ಉಗುರುಬೆಚ್ಚಗಿನ ನೀರಿರುವ ಟಬ್ಬಿನಲ್ಲಿ ಹತ್ತು ನಿಮಿಷ ಕೂರುವುದು, ಮೂತ್ರ ಮಾಡುವಾಗ ಮಗ್ಗಿನಿಂದ ನೀರು ಸುರಿದುಕೊಳ್ಳುತ್ತಲೇ ಮಾಡುವುದು, ಸಡಿಲ ಹತ್ತಿ ಬಟ್ಟೆ, ನೋವಿಗೆ ಪ್ಯಾರಸಿಟಮಾಲ್. ಉರಿಗೆ ಹೆದರಿ ನೀರು ಕುಡಿಯುವುದು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ, ನೀರು ಹೆಚ್ಚೇ ಬೇಕು. ಮೂತ್ರ ಕಟ್ಟಿಹೋದರೆ, ತಲೆನೋವಿನ ಜೊತೆ ಕತ್ತು ಬಿಗಿದರೆ, ಕಣ್ಣು ಕೆಂಪಾಗಿ ನೋವಾದರೆ ಮರುದಿನಕ್ಕೆ ಮುಂದೂಡದೆ ಆಸ್ಪತ್ರೆಗೆ ಹೋಗಬೇಕು. ಹುಣ್ಣು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಕಣ್ಣಿಗೆ, ಕಾಂಟ್ಯಾಕ್ಟ್ ಲೆನ್ಸಿಗೆ ತಾಗಿಸಬಾರದು.

ಇನ್ನು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: ಯಾರಿಂದ ಬಂತು?

ಇದಕ್ಕೆ ವೈದ್ಯಶಾಸ್ತ್ರ ಕೊಡುವ ಉತ್ತರವನ್ನು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂತು ಕೇಳಿಸಿಕೊಳ್ಳಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನೇ ಮಾದರಿಯ ಸೋಂಕಿರುವ 498 ಮಂದಿ ದಿನವೂ ತಮ್ಮ ಜನನಾಂಗದ ಚರ್ಮವನ್ನು ತಾವೇ ಒರೆಸಿ ಮಾದರಿ ಕೊಟ್ಟಿದ್ದರು. ಹುಣ್ಣು ಬಂದ ಅನುಭವ ಇದ್ದವರಲ್ಲಿ ನೂರು ದಿನಕ್ಕೆ ಇಪ್ಪತ್ತು ದಿನ ವೈರಸ್ ಸಿಕ್ಕಿತು. ಎಂದೂ ಹುಣ್ಣೇ ಬರದ, ತಮಗೆ ಸೋಂಕಿದೆ ಎಂಬ ಸುಳಿವೇ ಇಲ್ಲದವರಲ್ಲೂ ನೂರಕ್ಕೆ ಹತ್ತು ದಿನ ಸಿಕ್ಕಿತು. ಅಂದರೆ ಏನೂ ಗೊತ್ತಿಲ್ಲದೆ ಹತ್ತು ವರ್ಷದ ಹಿಂದೆ ಸೋಂಕು ಹೊತ್ತ ಒಬ್ಬರು, ಇಂದು ತಮ್ಮ ಸಂಗಾತಿಗೆ ಅದನ್ನು ಕೊಡಬಹುದು. ಅಥವಾ ಹತ್ತು ವರ್ಷದಿಂದ ತನ್ನಲ್ಲೇ ಇದ್ದುದು ಜ್ವರ ಬಂದಾಗಲೋ ಬಾಣಂತನದ ಹೊತ್ತಿಗೋ ಮೊದಲ ಬಾರಿ ಹುಣ್ಣಾಗಿ ಕಾಣಬಹುದು. ಮನೆಯಲ್ಲಿ ಮೊದಲು ಹುಣ್ಣು ಎದ್ದವರೇ ಹೊರಗಿನಿಂದ ತಂದವರು ಎಂಬ ಲೆಕ್ಕಕ್ಕೆ ಆಧಾರವಿಲ್ಲ. ನಮ್ಮ ಸಮಾಜದಲ್ಲಿ ಆ ಲೆಕ್ಕದ ಭಾರ ಹೊರುವವರು ಹೆಚ್ಚಾಗಿ ಹೆಂಗಸರು, ಅವರೇ ಮೊದಲು ಪರೀಕ್ಷೆಗೆ ಹೋಗುವುದರಿಂದ. ಇದು ಅನ್ಯಾಯ. ಡಾಕ್ಟರು ಎರಡು ನಿಮಿಷ ಹೆಚ್ಚು ಮಾತಾಡಿದರೆ ತಪ್ಪಿಸಬಹುದಾದ ಅನ್ಯಾಯ.

ಮಾತು ಶುರುಮಾಡುವುದು ಹೇಗೆಂದು ತೋಚದವರಿಗೆ ಒಂದು ಮಾದರಿ ಇರಲಿ. ಹುಣ್ಣು ಮಾಯ್ದ ಮೇಲೆ, ಇಬ್ಬರಿಗೂ ಬಿಡುವಿರುವಾಗ ಇಷ್ಟು ಹೇಳಿದರೆ ಸಾಕು: “ರೀ, ಒಂದು ವಿಷಯ ಹೇಳ್ಬೇಕು, ಪೂರ್ತಿ ಕೇಳಿ ಆಮೇಲೆ ಮಾತಾಡಿ. ನಂಗೆ ಹರ್ಪಿಸ್ ಅಂತ ಡಾಕ್ಟ್ರು ಹೇಳಿದಾರೆ. ಯಾವಾಗ ಬಂತು, ಯಾರಿಂದ ಬಂತು ಅಂತ ಟೆಸ್ಟಲ್ಲಿ ಗೊತ್ತಾಗಲ್ವಂತೆ. ನಿಮಗೂ ಇರಬಹುದು, ಇಲ್ಲದೇನೂ ಇರಬಹುದು. ಶನಿವಾರ ಇಬ್ರೂ ಹೋಗಿ ಕೇಳ್ಕೊಂಡು ಬರೋಣ.” ಎದುರಿನವರಿಗೆ ಸಿಟ್ಟು, ಅಳು ಬರುವುದು ಸಹಜ, ಅದಕ್ಕೂ ಎರಡು ದಿನ ಕೊಡಬೇಕು. ಹೇಳಿದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಹಾಕುತ್ತಾರೆ ಎಂಬ ಭಯವಿದ್ದರೆ ಒಂಟಿಯಾಗಿ ಹೇಳುವುದು ಬೇಡ. ಕ್ಲಿನಿಕ್‌ನ ಆಪ್ತಸಮಾಲೋಚಕರ ಎದುರು ಹೇಳಬಹುದು. ಮಹಿಳಾ ಸಹಾಯವಾಣಿ 181 ಹಗಲೂ ರಾತ್ರಿ ಇದೆ.

ಸಂಗಾತಿಗೆ ದಾಟದಂತೆ ತಡೆಯಲು ಮೂರು ದಾರಿ, ಮೂರನ್ನೂ ಸೇರಿಸಿದರೆ ಒಳ್ಳೆಯದು. ಮೊದಲನೆಯದು ಮುನ್ಸೂಚನೆ ಗುರುತಿಸುವುದು. ಮರುಕಳಿಸುವ ಮುಂಚೆ, ಗುಳ್ಳೆ ಏಳುವುದಕ್ಕೆ ಕೆಲವು ಗಂಟೆಯಿಂದ ಒಂದೆರಡು ದಿನ ಮೊದಲು, ಅದೇ ಜಾಗದಲ್ಲಿ ಜುಮ್ಮೆನ್ನುವುದು, ತುರಿಕೆ, ಕಾಲಿನ ಹಿಂಬದಿಗೆ ಸೆಳೆತ ಆಗುತ್ತದೆ. ನಾಲ್ಕಾರು ಸಲವಾದ ಮೇಲೆ ರೋಗಿಗೆ ಅದು ಚೆನ್ನಾಗಿ ಗೊತ್ತಾಗಿಬಿಡುತ್ತದೆ. ಆ ಹೊತ್ತಿನಿಂದ ಹುಣ್ಣಿನ ಚಕ್ಕೆ ಉದುರಿ ಹೊಸ ಚರ್ಮ ಬರುವ ತನಕ ಯಾವ ರೀತಿಯ ಲೈಂಗಿಕ ಸಂಪರ್ಕವೂ ಬೇಡ. ಕಾಂಡೋಮ್ ಹಾಕಿಕೊಂಡರೂ ಬೇಡ. ತುಟಿಯ ಮೇಲೆ ಗುಳ್ಳೆ ಇರುವವರಿಗೆ ಬಾಯಿಯ ಸಂಪರ್ಕದ ವಿಷಯದಲ್ಲೂ ಇದೇ ನಿಯಮ, ಎಳೆಗೂಸಿಗೆ ಮುತ್ತು ಕೊಡುವುದರಲ್ಲೂ ಇದೇ.

ಎರಡನೆಯದು ಕಾಂಡೋಮ್. ಅದು ಮುಚ್ಚದ ಚರ್ಮದಿಂದಲೂ ವೈರಸ್ ದಾಟಬಹುದಾದ್ದರಿಂದ ಪೂರ್ಣ ರಕ್ಷಣೆಯಲ್ಲ. ಆದರೂ ಅಪಾಯವನ್ನು ಚೆನ್ನಾಗಿ ತಗ್ಗಿಸುತ್ತದೆ, ಗಂಡಸಿನಿಂದ ಹೆಂಗಸಿಗೆ ದಾಟುವುದನ್ನು ಹೆಚ್ಚೇ ತಡೆಯುತ್ತದೆ. ಮೂರನೆಯದು ದಿನದ ಮಾತ್ರೆ. 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ 1,484 ಜೋಡಿಗಳಿದ್ದವು, ಪ್ರತಿ ಜೋಡಿಯಲ್ಲೂ ಒಬ್ಬರಿಗೆ ಮಾತ್ರ ಎರಡನೇ ಮಾದರಿಯ ಸೋಂಕು. ಸೋಂಕಿದ್ದವರು ಎಂಟು ತಿಂಗಳು ದಿನಕ್ಕೊಂದು 500 ಮಿಲಿಗ್ರಾಂ ವ್ಯಾಲಸೈಕ್ಲೋವಿರ್ ತೆಗೆದುಕೊಂಡಾಗ ಸಂಗಾತಿಗೆ ಸೋಂಕು ದಾಟುವುದು ಶೇ. 48ರಷ್ಟು ಇಳಿಯಿತು. ಸಂಗಾತಿಗೆ ಹುಣ್ಣಾಗಿ ಕಾಣಿಸಿಕೊಳ್ಳುವುದು ಶೇ. 75ರಷ್ಟು ಇಳಿಯಿತು. ದಿನದ ಮಾತ್ರೆಯಿಂದ ಸ್ವತಃ ರೋಗಿಗೂ ಮರುಕಳಿಕೆ ಶೇ. 70ರಿಂದ 80ರಷ್ಟು ಕಡಿಮೆಯಾಗುತ್ತದೆ. ಪದೇ ಪದೇ ಬರುವವರಿಗೆ, ಅದರ ಚಿಂತೆಯೇ ಹಾಸಿಗೆ ಹಿಡಿಸಿದವರಿಗೆ ಇದು ದೊಡ್ಡ ನೆಮ್ಮದಿ. ವರ್ಷಕ್ಕೆ ಒಂದೆರಡೇ ಸಲ ಬರುವವರು ಮಾತ್ರೆಯನ್ನು ಮನೆಯಲ್ಲಿ ಇಟ್ಟುಕೊಂಡು, ಜುಮ್ಮೆಂದ ದಿನವೇ ಶುರುಮಾಡಿ ಎರಡರಿಂದ ಐದು ದಿನದಲ್ಲಿ ಮುಗಿಸಬಹುದು.

ಮನೆಯ ಉಳಿದವರ ಬಗ್ಗೆ ಆತಂಕ ಬೇಡ. ಕಮೋಡ್, ಬಕೆಟ್, ಈಜುಕೊಳ, ಒಗೆದ ಬಟ್ಟೆ, ಒಂದೇ ತಟ್ಟೆಯ ಊಟದಿಂದ ಜನನಾಂಗದ ಹರ್ಪಿಸ್ ಬರುವುದಿಲ್ಲ. ಸೊಸೆಯ ಸೀರೆ ಬೇರೆ ಒಗೆಸುವುದು, ಬಚ್ಚಲು ಬೇರೆ ಮಾಡುವುದು ಅವಮಾನವಾದೀತೇ ಹೊರತು ಯಾರನ್ನೂ ಕಾಪಾಡುವುದಿಲ್ಲ.

ಬಸುರಿಯರ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕಾದ್ದು. ಮೊದಲಿನಿಂದ ಹರ್ಪಿಸ್ ಇರುವ ತಾಯಿಯ ರಕ್ತದಲ್ಲಿ ಪ್ರತಿಕಾಯ ಇರುತ್ತದೆ, ಅದು ಹೊಟ್ಟೆಯೊಳಗಿನ ಮಗುವಿಗೂ ಹೋಗುತ್ತದೆ. ಇಂಥ ತಾಯಿಯಿಂದ ಹೆರಿಗೆಯಲ್ಲಿ ಮಗುವಿಗೆ ಸೋಂಕು ತಗಲುವ ಸಂಭವ ಶೇ. 1ಕ್ಕಿಂತ ಕಡಿಮೆ. ನಿಜವಾದ ಅಪಾಯ ಇರುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಮೊದಲ ಬಾರಿ ಸೋಂಕು ತಗುಲಿದರೆ. ಆಗ ಅದು ಶೇ. 30ರಿಂದ 50ರವರೆಗೆ ಏರುತ್ತದೆ, ನವಜಾತ ಶಿಶುವಿಗೆ ಅದು ಪ್ರಾಣಾಪಾಯದ ಕಾಯಿಲೆ. ಹೀಗಾಗಿ ಗಂಡನಿಗೆ ಹರ್ಪಿಸ್ ಇದ್ದು ಹೆಂಡತಿಗೆ ಇಲ್ಲದಿದ್ದರೆ ಕೊನೆಯ ಮೂರು ತಿಂಗಳು ದೂರವಿರುವುದೇ ಲೇಸು. ತಾಯಿಗೇ ಇದ್ದರೆ ಹೆರಿಗೆ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ತಿಳಿಸಬೇಕು. 36ನೇ ವಾರದಿಂದ ಅವರು ಅಸೈಕ್ಲೋವಿರ್ ಶುರುಮಾಡುತ್ತಾರೆ. ನೋವು ಕಾಣಿಸಿಕೊಂಡ ಹೊತ್ತಿಗೆ ಹುಣ್ಣಾಗಲಿ ಮುನ್ಸೂಚನೆಯಾಗಲಿ ಇದ್ದರೆ ಸಿಸೇರಿಯನ್, ಇಲ್ಲದಿದ್ದರೆ ಮಾಮೂಲಿ ಹೆರಿಗೆ. ಮೊಲೆಯ ಮೇಲೆ ಹುಣ್ಣಿಲ್ಲದಿದ್ದರೆ ಹಾಲೂಡಿಸಲು ಅಡ್ಡಿಯಿಲ್ಲ. ಹರ್ಪಿಸ್‌ನಿಂದ ಬಂಜೆತನ ಬರುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ಬೇರೆಯೇ ವೈರಸ್.

ಮದುವೆಗೆ ಮುಂಚೆ ಹೇಳಬೇಕೇ? ಹೇಳಬೇಕು. ಹುಡುಗಿ ನೋಡಲು ಬಂದ ದಿನ ನೆಂಟರ ಎದುರಲ್ಲ. ಇಬ್ಬರಿಗೂ ಒಪ್ಪಿಗೆ ಎನ್ನಿಸಿದ ಮೇಲೆ, ಮೈ ಸೇರುವ ಮುಂಚೆ, ಇಬ್ಬರೇ ಇದ್ದಾಗ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ಹರಡುವ ಸ್ಥಿತಿಯಲ್ಲಿರುವ ಗುಹ್ಯರೋಗ ವಿಚ್ಛೇದನಕ್ಕೆ ಒಂದು ಕಾರಣವಾಗಿ ಇಂದಿಗೂ ಇದೆ. ಮುಚ್ಚಿಟ್ಟದ್ದು ಮುಂದೆ ಕೋರ್ಟಿನಲ್ಲಿ ಬಿಚ್ಚುವುದಕ್ಕಿಂತ ಮೊದಲೇ ಹೇಳಿ ಒಪ್ಪಿಗೆ ಪಡೆಯುವುದು ಎರಡೂ ಕಡೆಗೆ ಗೌರವ. ಮದುವೆಯಾಗದವರು, ಗಂಡಸರ ಜೊತೆ ಸಂಬಂಧವಿರುವ ಗಂಡಸರು ಕ್ಲಿನಿಕ್‌ನಲ್ಲಿ ಬೇಡದ ಪ್ರಶ್ನೆಗೆ ಹೆದರಿ ಹಿಂದೆ ಸರಿಯುತ್ತಾರೆ. ಒಬ್ಬ ಡಾಕ್ಟರು ನೀತಿ ಹೇಳಲು ಕೂತರೆ ಇನ್ನೊಬ್ಬರ ಬಳಿ ಹೋಗುವ ಹಕ್ಕು ರೋಗಿಗಿದೆ, ಚಿಕಿತ್ಸೆ ಮಾತ್ರ ಬಿಡಬಾರದು.

ಹರ್ಪಿಸ್‌ಗೆ ಅಂಟಿದ ಕಳಂಕ ತೀರ ಹಳೆಯದೇನಲ್ಲ. 1982ರ ಆಗಸ್ಟಿನಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಅದನ್ನು ಪಾಪದ ಗುರುತಿನಂತೆ ಮುಖಪುಟದಲ್ಲಿ ಹಾಕಿತು. ಅಸೈಕ್ಲೋವಿರ್ ಮುಲಾಮಿಗೆ ಅದೇ ದೇಶದಲ್ಲಿ ಅನುಮತಿ ಸಿಕ್ಕಿದ್ದೂ ಅದೇ ವರ್ಷ. ಭಯ ಹಬ್ಬಿದ ವೇಗದಲ್ಲಿ ಔಷಧಿಯ ಸುದ್ದಿ ಹಬ್ಬಲಿಲ್ಲ. ನಮ್ಮಲ್ಲಿ ಆ ಭಯವನ್ನೇ ಬಂಡವಾಳ ಮಾಡಿಕೊಂಡವರ ಚೀಟಿಗಳು ಬಸ್‌ಸ್ಟ್ಯಾಂಡಿನ ಗೋಡೆಗಳಲ್ಲಿವೆ, ಈಗ ಯೂಟ್ಯೂಬಿಗೂ ಬಂದಿವೆ: ‘ಗುಪ್ತರೋಗಕ್ಕೆ ಶಾಶ್ವತ ಪರಿಹಾರ’. ಲೈಂಗಿಕ ರೋಗ ಗುಣಪಡಿಸುವುದಾಗಿ ಜಾಹೀರಾತು ಕೊಡುವುದನ್ನು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ನಿಷೇಧಿಸಿದೆ. ಹರ್ಪಿಸ್ ಹುಣ್ಣು ಔಷಧಿಯಿಲ್ಲದೆಯೂ ತಾನಾಗಿ ಮಾಯುತ್ತದೆ. ಸಾವಿರಾರು ರೂಪಾಯಿಯ ಪುಡಿ ತಿಂದು ‘ವಾಸಿಯಾಯಿತು’ ಎನ್ನಿಸುವುದು ಅದಕ್ಕೇ. ಕಡಲೆಕಾಯಿ ಬಿಡಿ, ಬದನೆಕಾಯಿ ಬಿಡಿ ಎಂಬ ಪಥ್ಯಗಳಿಗೂ ಗಟ್ಟಿ ಪುರಾವೆಯಿಲ್ಲ. ನಿದ್ದೆಗೆಟ್ಟಾಗ, ಬೇರೆ ಜ್ವರ ಬಂದಾಗ, ಮುಟ್ಟಿನ ಹೊತ್ತಿಗೆ, ಆ ಜಾಗಕ್ಕೆ ಉಜ್ಜುವಿಕೆ ಹೆಚ್ಚಾದಾಗ ಮರುಕಳಿಸುವುದನ್ನು ಹಲವರು ಗಮನಿಸಿದ್ದಾರೆ. ತಮ್ಮ ಮೈಯ ರೀತಿ ತಿಳಿಯಲು ದಿನಾಂಕ ಬರೆದಿಟ್ಟುಕೊಂಡರೆ ಡಾಕ್ಟರಿಗೂ ಅನುಕೂಲ.

ಮೊದಲ ಕೆಲವು ತಿಂಗಳು ಮನಸ್ಸು ಕುಗ್ಗುವುದು ಸಾಮಾನ್ಯ. ಊಟ ಸೇರದೆ, ನಿದ್ದೆ ಬಾರದೆ, ಬದುಕೇ ಬೇಡ ಎನ್ನಿಸುವಷ್ಟಾದರೆ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ.

ತಡೆಯುವ ಲಸಿಕೆ ಇನ್ನೂ ಇಲ್ಲ. 8 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2012ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ ಲಸಿಕೆ ಎರಡನೇ ಮಾದರಿಯನ್ನು ತಡೆಯಲಿಲ್ಲ. ಮರುಕಳಿಕೆ ತಗ್ಗಿಸಲೆಂದು ಜಿಎಸ್‌ಕೆ ಕಂಪನಿ ಪರೀಕ್ಷಿಸುತ್ತಿದ್ದ ಇನ್ನೊಂದು ಲಸಿಕೆಯೂ 2024ರಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. ಬೇರೆ ಪ್ರಯತ್ನಗಳು ನಡೆದಿವೆ. ಅಲ್ಲಿಯ ತನಕ ದಿನದ ಮಾತ್ರೆಯಲ್ಲಿ ಇರುವವರು ವರ್ಷಕ್ಕೊಮ್ಮೆ ಡಾಕ್ಟರ ಬಳಿ ಕೂತು, ಅದನ್ನು ಕೆಲಕಾಲ ನಿಲ್ಲಿಸಿ ನೋಡಬಹುದೇ ಎಂದು ಕೇಳಬೇಕು. ನಿಲ್ಲಿಸಿದ ಮೇಲೆ ಮರುಕಳಿಕೆ ಅಪರೂಪವಾಗಿರುವುದು ಹಲವರಿಗೆ ಆಗಲೇ ತಿಳಿಯುತ್ತದೆ. ಮತ್ತೆ ಹೆಚ್ಚಾದರೆ ಅದೇ ಮಾತ್ರೆಯನ್ನು ಪುನಃ ಶುರುಮಾಡಿದರಾಯಿತು.